ತೋಟ ಮಾರಬೇಡಿ, ಮಗನನ್ನು ತಾಲೂಕು ಆಸ್ಪತ್ರೆಗೆ ಕರೆದೊಯ್ಯಿರಿ

ಕಳೆದ ಮಳೆಗಾಲದ ಒಂದು ಸಂಜೆ. ಮಗ್ರಿಬ್ ನಮಾಝ್ ಮುಗಿದಿತ್ತು. ತಿಪಟೂರಿನ ನಮ್ಮ ಬೀದಿಯ ಒಬ್ಬ ತಾಯಿ ಮೊಬೈಲ್ ಹಿಡಿದುಕೊಂಡು ಮನೆಗೆ ಬಂದರು. "ಆಪಾ, ಇದು ನಿಜಾನಾ ಸ್ವಲ್ಪ ನೋಡಿ ಹೇಳಿ" ಎಂದು ಒಂದು ಜಾಹೀರಾತು ತೋರಿಸಿದರು. ನಶೆಯಿಂದ ಹಾಳಾದ ಮೆದುಳನ್ನು ಸ್ಟೆಮ್ ಸೆಲ್ ಚಿಕಿತ್ಸೆಯಿಂದ ಹೊಸದಾಗಿಸುತ್ತೇವೆ ಎಂದು ಅದರಲ್ಲಿತ್ತು. ಅವರು ಆ ನಂಬರಿಗೆ ಫೋನ್ ಮಾಡಿಯೂ ಆಗಿತ್ತು. ಐದು ಲಕ್ಷ ರೂಪಾಯಿ, ಮೂರು ಇಂಜೆಕ್ಷನ್, ಅರ್ಧ ಹಣ ಮುಂಗಡ ಎಂದು ಹೇಳಿದ್ದರಂತೆ.

ಅವರ ಮಗನಿಗೆ ಇಪ್ಪತ್ತನಾಲ್ಕು ವರ್ಷ. ಹೈಸ್ಕೂಲಿನಲ್ಲಿ ಇರುವಾಗಲೇ ಪಂಕ್ಚರ್ ಸೊಲ್ಯೂಷನ್ ಮೂಸುವ ಚಟ ಹತ್ತಿತ್ತು. ಆಮೇಲೆ ನೋವಿನ ಮಾತ್ರೆ. ಈಗ ಕೈ ನಡುಗುತ್ತದೆ, ಬೆಳಿಗ್ಗೆ ಹೇಳಿದ್ದು ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ. ಮಂಡಿಯಲ್ಲಿ ಕೊಬ್ಬರಿ ಚೀಲ ಎಣಿಸಲು ನಿಲ್ಲಿಸಿದರೆ ಇಪ್ಪತ್ತು ದಾಟುವಷ್ಟರಲ್ಲಿ ಲೆಕ್ಕ ತಪ್ಪುತ್ತದೆ. "ನಮ್ಮ ಮನೆಯವರು ತೋಟ ಕೊಟ್ಟುಬಿಡೋಣ ಅಂತಾರೆ ಆಪಾ. ಮಗನಿಗಿಂತ ತೋಟ ಹೆಚ್ಚಾ ಅಂತಾರೆ" ಎಂದು ಆ ತಾಯಿ ಕಣ್ಣೊರೆಸಿಕೊಂಡರು.

ಮಗನಿಗಿಂತ ತೋಟ ಖಂಡಿತ ಹೆಚ್ಚಲ್ಲ. ತೋಟ ಮಾರಿದರೆ ಮಗ ಮರಳಿ ಬರುತ್ತಾನೆ ಎನ್ನುವುದಾದರೆ ನಾನೇ ಮುಂದೆ ನಿಂತು ಮಾರಿಸುತ್ತಿದ್ದೆ. ಆದರೆ ಆ ಇಂಜೆಕ್ಷನ್ ಅವನನ್ನು ಮರಳಿ ತರುವುದಿಲ್ಲ. ಅವನನ್ನು ಮರಳಿ ತರಬಲ್ಲ ಚಿಕಿತ್ಸೆ ಬೇರೆ ಇದೆ. ಅದು ಹತ್ತಿರದಲ್ಲಿದೆ, ಅದರ ಖರ್ಚಿಗೆ ತೋಟ ಮಾರಬೇಕಿಲ್ಲ. ಈ ಎರಡು ಮಾತನ್ನು ವಿವರವಾಗಿ ಹೇಳುವುದೇ ಈ ಲೇಖನದ ಉದ್ದೇಶ.

ಸ್ಟೆಮ್ ಸೆಲ್ ಎಂದರೇನು?

ಸ್ಟೆಮ್ ಸೆಲ್ ಸುಳ್ಳಿನ ಹೆಸರಲ್ಲ. ಕನ್ನಡದಲ್ಲಿ ಅದನ್ನು ಆಕರ ಕೋಶ ಅಥವಾ ಕಾಂಡಕೋಶ ಎನ್ನುತ್ತಾರೆ. ನಮ್ಮ ಮೂಳೆಯೊಳಗಿನ ಮಜ್ಜೆಯಲ್ಲಿ ಇಂತಹ ಕೋಶಗಳಿವೆ. ಅವು ದಿನವೂ ಹೊಸ ರಕ್ತಕಣಗಳನ್ನು ಹುಟ್ಟಿಸುತ್ತವೆ. ಥಲಸೇಮಿಯಾ, ರಕ್ತದ ಕ್ಯಾನ್ಸರ್ ಮುಂತಾದ ಕಾಯಿಲೆಗಳಲ್ಲಿ ಒಬ್ಬರ ಮಜ್ಜೆಯ ಕೋಶಗಳನ್ನು ಇನ್ನೊಬ್ಬರಿಗೆ ಕೊಟ್ಟು ಜೀವ ಉಳಿಸುತ್ತಾರೆ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ 1983ರಲ್ಲಿ, ವೆಲ್ಲೂರಿನ ಸಿಎಂಸಿಯಲ್ಲಿ 1986ರಲ್ಲಿ ಇದು ಆರಂಭವಾಯಿತು. ಇದು ಗಟ್ಟಿಯಾಗಿ ನೆಲೆನಿಂತ ಚಿಕಿತ್ಸೆ.

ಜಾಹೀರಾತಿನವರು ಮಾಡುವ ಚಮತ್ಕಾರ ಇಲ್ಲೇ ಇದೆ. ರಕ್ತಕ್ಕೆ ನಿಜವಾದದ್ದನ್ನು ಮೆದುಳಿಗೂ ನಿಜ ಎನ್ನುತ್ತಾರೆ. ಸಾಮಾನ್ಯವಾಗಿ ಅವರು ಕೊಡುವುದು ಮೂಳೆಮಜ್ಜೆ, ಹೊಟ್ಟೆಯ ಕೊಬ್ಬು ಅಥವಾ ಹೊಕ್ಕುಳಬಳ್ಳಿಯಿಂದ ತೆಗೆದ ಕೋಶಗಳನ್ನು. ಅವನ್ನು ರಕ್ತನಾಳಕ್ಕೆ ಚುಚ್ಚಿದರೆ ಹೆಚ್ಚಿನವು ಮೊದಲು ಶ್ವಾಸಕೋಶದ ಸಣ್ಣ ನಾಳಗಳಲ್ಲೇ ಸಿಕ್ಕಿಕೊಳ್ಳುತ್ತವೆ. ಮೆದುಳಿಗೆ ತಲುಪುವುದು ಬಹಳ ಕಡಿಮೆ. ತಲುಪಿದವೂ ಹಳೆಯ ನರಕೋಶದ ಜಾಗದಲ್ಲಿ ಕುಳಿತು ನೆನಪು, ಲೆಕ್ಕ, ವಿವೇಕಗಳ ಎಳೆಗಳನ್ನು ಮತ್ತೆ ಹೆಣೆಯುತ್ತವೆ ಎಂಬುದಕ್ಕೆ ಆಧಾರವಿಲ್ಲ.

ಹಾಗೆಂದು ವಿಜ್ಞಾನಿಗಳು ಕೈಕಟ್ಟಿ ಕೂತಿಲ್ಲ. ಚಿಲಿ ದೇಶದ ಸಂಶೋಧಕರು ಮದ್ಯದ ಚಟ ಹತ್ತಿಸಿದ ಇಲಿಗಳಿಗೆ ಈ ಕೋಶಗಳು ಸ್ರವಿಸುವ ದ್ರವವನ್ನು ಮೂಗಿನ ಮೂಲಕ ಕೊಟ್ಟು ನೋಡಿದ್ದಾರೆ. ಇಲಿಗಳು ಕುಡಿಯುವುದು ಗಣನೀಯವಾಗಿ ಕಡಿಮೆಯಾಯಿತು ಎಂದು 2019ರ ಆಸುಪಾಸಿನಲ್ಲಿ ವರದಿ ಮಾಡಿದ್ದಾರೆ. ಅಪಘಾತದಲ್ಲಿ ಮೆದುಳಿಗೆ ಪೆಟ್ಟು ಬಿದ್ದು ಕೈಕಾಲಿನ ಸ್ವಾಧೀನ ಕಳೆದುಕೊಂಡವರಿಗಾಗಿ ಜಪಾನ್ ಸರ್ಕಾರ 2024ರಲ್ಲಿ ಒಂದು ಕೋಶ ಚಿಕಿತ್ಸೆಗೆ ಷರತ್ತಿನ, ಕಾಲಮಿತಿಯ ಅನುಮತಿ ಕೊಟ್ಟಿದೆ. ಅದನ್ನು ತಲೆಬುರುಡೆಗೆ ರಂಧ್ರ ಮಾಡಿ ಮೆದುಳಿನ ನಿರ್ದಿಷ್ಟ ಜಾಗಕ್ಕೇ ಇಡಬೇಕು. ಇವೆಲ್ಲ ಭರವಸೆಯ ಸುದ್ದಿಗಳೇ. ಆದರೆ ಇಲಿಗೆ ಆದದ್ದು ಮನುಷ್ಯನಿಗೆ ಆದಂತಲ್ಲ. ಅಪಘಾತದ ಪೆಟ್ಟಿಗೆ ಸಿಕ್ಕ ಅನುಮತಿ ನಶೆಯಿಂದಾದ ಹಾನಿಗೆ ಸಲ್ಲುವುದಿಲ್ಲ. ನಶೆಯಿಂದ ಕೆಟ್ಟ ಮೆದುಳಿಗೆ ಸ್ಟೆಮ್ ಸೆಲ್ ಚಿಕಿತ್ಸೆಯನ್ನು ನಮ್ಮ ದೇಶದಲ್ಲಿ ಸರ್ಕಾರ ಒಪ್ಪಿಲ್ಲ.

ಸರಿಯಾದ ದಾರಿ ಹೇಗಿರುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಒಂದು ಉದಾಹರಣೆ ಇದೆ. ಬೀಡಿ, ಸಿಗರೇಟು ಸೇದುವವರಲ್ಲಿ ಕಾಲಿನ ರಕ್ತನಾಳಗಳು ಕಟ್ಟಿಕೊಂಡು ಬೆರಳು ಕಪ್ಪಾಗಿ, ಕೊನೆಗೆ ಕಾಲನ್ನೇ ಕತ್ತರಿಸಬೇಕಾಗುವ ಒಂದು ಕಾಯಿಲೆ ಇದೆ. ಬ್ಯುರ್ಗರ್ಸ್ ಕಾಯಿಲೆ ಎಂದು ಅದರ ಹೆಸರು. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆ ಇದಕ್ಕೆ ಸ್ಟೆಮ್ ಸೆಲ್ ಔಷಧ ತಯಾರಿಸಿತು. ವರ್ಷಗಟ್ಟಲೆ ರೋಗಿಗಳ ಮೇಲೆ ನಿಯಮಬದ್ಧ ಪ್ರಯೋಗ ನಡೆಸಿ, ಮೊದಲು ಸೀಮಿತ ಅನುಮತಿ, ಬಳಿಕ 2020ರಲ್ಲಿ ದೇಶದ ಔಷಧ ನಿಯಂತ್ರಕರ ಅನುಮತಿ ಪಡೆಯಿತು. ಒಂದು ಕಾಯಿಲೆಗೆ ಒಂದು ಔಷಧ, ಅದಕ್ಕೆ ಒಂದು ಪರೀಕ್ಷೆ, ಒಂದು ಅನುಮತಿ. ಒಂದೇ ಇಂಜೆಕ್ಷನ್ ಮಧುಮೇಹಕ್ಕೂ, ಪಾರ್ಶ್ವವಾಯುವಿಗೂ, ನಶೆಗೂ, ಬಂಜೆತನಕ್ಕೂ ಆಗುತ್ತದೆ ಎನ್ನುವವರು ಈ ದಾರಿಯಲ್ಲಿ ನಡೆದವರಲ್ಲ. ಇನ್ನೊಂದು ಮಾತು: ಆ ಕಾಲಿನ ಕಾಯಿಲೆಯಲ್ಲೂ ಬೀಡಿ ಬಿಡದಿದ್ದರೆ ಯಾವ ಚಿಕಿತ್ಸೆಯೂ ನಿಲ್ಲುವುದಿಲ್ಲ.

ಕಾನೂನು ಏನು ಹೇಳುತ್ತದೆ?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2017ರಲ್ಲಿ ಹೊರಡಿಸಿದ ಮಾರ್ಗಸೂಚಿ ಸ್ಪಷ್ಟವಾಗಿದೆ. ರಕ್ತಸಂಬಂಧಿ ಕಾಯಿಲೆಗಳು ಮೊದಲಾದ ಒಪ್ಪಿತ ಸ್ಥಿತಿಗಳಿಗೆ ಮಾಡುವ ಮಜ್ಜೆ ಕೋಶಗಳ ಕಸಿಯನ್ನು ಬಿಟ್ಟರೆ ಉಳಿದ ಸ್ಟೆಮ್ ಸೆಲ್ ಬಳಕೆಯೆಲ್ಲ ಸಂಶೋಧನೆ. ಅದನ್ನು ನೋಂದಾಯಿತ ಪ್ರಯೋಗದಲ್ಲಿ ಮಾತ್ರ ಮಾಡಬೇಕು. ಆಟಿಸಂ ಇರುವ ಮಕ್ಕಳ ತಂದೆತಾಯಿಗೆ ಇದೇ ಚಿಕಿತ್ಸೆಯ ಆಸೆ ತೋರಿಸಿ ಹಣ ಕೀಳುವುದು ಹೆಚ್ಚಿದಾಗ, ಆಟಿಸಂಗೆ ಇದನ್ನು ಶಿಫಾರಸು ಮಾಡಲಾಗದು, ಹಾಗೆ ಮಾಡುವುದು ವೈದ್ಯರ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿತು. ಮೆದುಳಿನ ಕಾಯಿಲೆಗಳನ್ನು ಗುಣಪಡಿಸುತ್ತೇವೆ ಎಂದು ಸಾರ್ವಜನಿಕರಿಗೆ ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯೇ ನಿಷೇಧಿಸಿದೆ.

ಯಾರಾದರೂ "ಇದು ಪ್ರಯೋಗದ ಹಂತದಲ್ಲಿದೆ, ನಿಮ್ಮ ಮಗನನ್ನು ಸೇರಿಸಿಕೊಳ್ಳುತ್ತೇವೆ" ಎಂದರೆ ಈ ಪ್ರಶ್ನೆಗಳನ್ನು ಕೇಳಿ. ಭಾರತದ ವೈದ್ಯಕೀಯ ಪ್ರಯೋಗಗಳ ನೋಂದಣಿ ಪಟ್ಟಿ, ಅಂದರೆ ಸಿಟಿಆರ್‌ಐಯಲ್ಲಿ ಇದರ ನಂಬರ್ ಎಷ್ಟು? ಯಾವ ನೀತಿ ಸಮಿತಿ ಒಪ್ಪಿಗೆ ಕೊಟ್ಟಿದೆ? ಒಪ್ಪಿಗೆ ಪತ್ರ ನಮಗೆ ತಿಳಿಯುವ ಭಾಷೆಯಲ್ಲಿದೆಯೇ, ಮನೆಗೆ ಒಯ್ದು ಓದಬಹುದೇ? ಕೋಶ ಯಾರ ದೇಹದ್ದು? ತೊಂದರೆಯಾದರೆ ಚಿಕಿತ್ಸೆಯ ಖರ್ಚು ಯಾರದು? ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಸುಲಭದ್ದು: ಹಣ ಏಕೆ ಕೇಳುತ್ತೀರಿ? ನಿಜವಾದ ಪ್ರಯೋಗದಲ್ಲಿ ಪರೀಕ್ಷೆಗೆ ಒಳಪಡುವ ಔಷಧಕ್ಕೆ ರೋಗಿಯಿಂದ ಹಣ ಪಡೆಯುವುದಿಲ್ಲ. ಮುಂಗಡ ಕೇಳಿದ ಕ್ಷಣವೇ ಅದು ಪ್ರಯೋಗವಲ್ಲ, ವ್ಯಾಪಾರ ಎಂದು ತಿಳಿಯಿರಿ.

ಪ್ರಯತ್ನಿಸಿದರೆ ತಪ್ಪೇನು?

"ಹೇಗೂ ಹಾಳಾಗಿದ್ದಾನೆ, ಒಂದು ಸಲ ನೋಡಿಬಿಡೋಣ" ಎನ್ನುವವರಿದ್ದಾರೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಮೂರು ತಪ್ಪುಗಳಿವೆ.

ಮೊದಲನೆಯದು ದೇಹಕ್ಕೆ ಆಗುವ ಅಪಾಯ. ಇಸ್ರೇಲಿನ ಒಬ್ಬ ಬಾಲಕನಿಗೆ ಹುಟ್ಟಿನಿಂದಲೇ ನರಗಳ ಕಾಯಿಲೆ ಇತ್ತು. 2001ರಿಂದ ಅವನನ್ನು ಹಲವು ಸಲ ಮಾಸ್ಕೋಗೆ ಕರೆದೊಯ್ದು ಮೆದುಳಿಗೆ, ಬೆನ್ನುಹುರಿಯ ದ್ರವಕ್ಕೆ ಸ್ಟೆಮ್ ಸೆಲ್ ಕೊಡಿಸಿದರು. ನಾಲ್ಕು ವರ್ಷಗಳ ಬಳಿಕ ಅವನ ಮೆದುಳಿನಲ್ಲೂ ಬೆನ್ನುಹುರಿಯಲ್ಲೂ ಗೆಡ್ಡೆಗಳು ಕಂಡವು. ಪರೀಕ್ಷಿಸಿದಾಗ ಆ ಗೆಡ್ಡೆಯ ಕೋಶಗಳು ಅವನವಾಗಿರಲಿಲ್ಲ, ಕಸಿ ಮಾಡಿದ ಬೇರೆಯವರ ಕೋಶಗಳಿಂದ ಬೆಳೆದದ್ದಾಗಿದ್ದವು. 2009ರಲ್ಲಿ ಇದು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಮೆರಿಕದ ಫ್ಲಾರಿಡಾದಲ್ಲಿ 2015ರಲ್ಲಿ ಹಣ ಕೊಟ್ಟು ಕಣ್ಣಿಗೆ ಸ್ಟೆಮ್ ಸೆಲ್ ಚುಚ್ಚಿಸಿಕೊಂಡ ಮೂವರು ಮಹಿಳೆಯರು ಇದ್ದ ದೃಷ್ಟಿಯನ್ನೂ ಕಳೆದುಕೊಂಡರು. ಸೋಂಕಿನ ಭಯ ಇದಕ್ಕೆ ಸೇರಿಕೊಳ್ಳುತ್ತದೆ.

ಎರಡನೆಯದು ಹಣ. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 12,100 ರೂಪಾಯಿ. ಆ ಲೆಕ್ಕದಲ್ಲಿ ಐದು ಲಕ್ಷ ಎಂದರೆ 41 ಕ್ವಿಂಟಲ್‌ಗೂ ಹೆಚ್ಚು ಕೊಬ್ಬರಿ. ಒಂದೆರಡು ಎಕರೆ ತೋಟದ ಮನೆಗೆ ಅದು ಎಷ್ಟು ವರ್ಷಗಳ ಬೆಳೆ ಎಂಬುದನ್ನು ನಮ್ಮ ಸೀಮೆಯವರಿಗೆ ಹೇಳಿಕೊಡಬೇಕಿಲ್ಲ. ಚಟದ ಚಿಕಿತ್ಸೆ ವರ್ಷಗಳ ಕೆಲಸ. ಇರುವ ಹಣವೆಲ್ಲ ಮೂರು ಇಂಜೆಕ್ಷನ್‌ಗೆ ಹೋದರೆ ಮುಂದಿನ ಬಸ್ ಖರ್ಚಿಗೂ, ಮಾತ್ರೆಗೂ, ಅವನು ಕೆಲಸ ಹಿಡಿಯುವವರೆಗಿನ ಊಟಕ್ಕೂ ಸಾಲ ಮಾಡಬೇಕಾಗುತ್ತದೆ.

ಮೂರನೆಯದು ಸಮಯ. ಇಂಜೆಕ್ಷನ್ ಆಯಿತು, ಇನ್ನು ಮೆದುಳು ತಾನೇ ಸರಿಹೋಗುತ್ತದೆ ಎಂದು ಮನೆಯವರು ಕಾಯುತ್ತಾರೆ. ಹುಡುಗ ಒಳಗೊಳಗೇ ನಶೆ ಮುಂದುವರಿಸುತ್ತಾನೆ. ಹೀಗೆ ಕಳೆದ ಒಂದು ವರ್ಷದಲ್ಲಿ ಆಗುವ ಹಾನಿಯನ್ನು ಯಾರೂ ತುಂಬಿಕೊಡಲಾರರು.

ಮೆದುಳು ತಾನೇ ಚೇತರಿಸಿಕೊಳ್ಳುತ್ತದೆಯೇ?

ನಶೆ ಬಿಟ್ಟರೆ ಮೆದುಳು ಬಹಳಷ್ಟು ಮಟ್ಟಿಗೆ ತಾನೇ ಚೇತರಿಸಿಕೊಳ್ಳುತ್ತದೆ. ಜಾಹೀರಾತಿನವರು ಹೇಳದ ಸುದ್ದಿ ಇದು. ಯಾವ ನಶೆ, ಎಷ್ಟು ವರ್ಷ ಎಂಬುದರ ಮೇಲೆ ಅದು ನಿಂತಿದೆ.

ಮದ್ಯ ಬಿಟ್ಟವರ ಮೆದುಳಿನ ಕುಗ್ಗಿದ ಭಾಗಗಳು ಕೆಲವು ವಾರಗಳಿಂದ ತಿಂಗಳುಗಳಲ್ಲಿ ಭಾಗಶಃ ಮತ್ತೆ ತುಂಬಿಕೊಳ್ಳುವುದನ್ನು ಸ್ಕ್ಯಾನ್‌ಗಳಲ್ಲಿ ನೋಡಿದ್ದಾರೆ. ಕುಡಿತದವರಲ್ಲಿ ನೆನಪು ಪೂರ್ತಿ ಕೆಡಲು ಒಂದು ಮುಖ್ಯ ಕಾರಣ ಬಿ1 ಜೀವಸತ್ವದ ಕೊರತೆ. ನಡಿಗೆ ತೂರಾಡುವುದು, ಕಣ್ಣು ಅತ್ತಿತ್ತ ಓಡುವುದು, ಗಲಿಬಿಲಿ ಇದರ ಲಕ್ಷಣ. ಕುಡಿದಿಲ್ಲದಾಗಲೂ ಹೀಗಿದ್ದರೆ ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು. ತಕ್ಷಣ ಬಿ1 ಇಂಜೆಕ್ಷನ್ ಕೊಟ್ಟರೆ ಮೆದುಳು ಉಳಿಯುತ್ತದೆ. ಇದು ಬಹಳ ಅಗ್ಗದ ಔಷಧ. ತಡಮಾಡಿದರೆ ನೆನಪು ಶಾಶ್ವತವಾಗಿ ಹೋಗಬಹುದು. ಐದು ಲಕ್ಷದ ಇಂಜೆಕ್ಷನ್‌ಗೆ ಹುಡುಕುವ ನಾವು ಈ ಅಗ್ಗದ ಇಂಜೆಕ್ಷನ್‌ನ ಹೆಸರನ್ನೇ ಕೇಳಿರುವುದಿಲ್ಲ.

ಗಾಂಜಾ ಬಿಟ್ಟ ಸುಮಾರು ನಾಲ್ಕು ವಾರಗಳಲ್ಲಿ ಮೆದುಳಿನ ಗ್ರಾಹಕಗಳು ಬಹುಮಟ್ಟಿಗೆ ಮೊದಲಿನಂತಾಗುತ್ತವೆ ಎಂದು ಅಧ್ಯಯನ ತೋರಿಸಿದೆ. ಆದರೆ ಕೆಲವು ಹುಡುಗರಲ್ಲಿ ಗಾಂಜಾ ಮನೋರೋಗವನ್ನು ಹೊಡೆದೆಬ್ಬಿಸುತ್ತದೆ. ಒಬ್ಬನೇ ಮಾತಾಡುವುದು, ಎಲ್ಲರ ಮೇಲೆ ಅನುಮಾನ ಪಡುವುದು ಕಂಡರೆ ಮನೋವೈದ್ಯರಿಗೆ ತೋರಿಸಲೇಬೇಕು. ಮೆಥಾಂಫೆಟಮಿನ್ ಎಂಬ ರಾಸಾಯನಿಕ ನಶೆ ಬಿಟ್ಟವರನ್ನು 2001ರಲ್ಲಿ ಅಮೆರಿಕದಲ್ಲಿ ಪರೀಕ್ಷಿಸಿದಾಗ, ಒಂದು ವರ್ಷಕ್ಕೂ ಹೆಚ್ಚು ಕಾಲ ದೂರ ಇದ್ದ ಮೇಲೆ ಮೆದುಳಿನ ಡೋಪಮಿನ್ ವ್ಯವಸ್ಥೆ ಗಣನೀಯವಾಗಿ ಸುಧಾರಿಸಿತ್ತು.

ಎಲ್ಲವೂ ಮರಳುತ್ತದೆ ಎಂದು ಸುಳ್ಳು ಹೇಳಲಾರೆ. ಸೊಲ್ಯೂಷನ್, ಥಿನ್ನರ್‌ಗಳಲ್ಲಿರುವ ಟಾಲ್ಯೂಯಿನ್ ನರತಂತುಗಳ ಮೇಲಿನ ಹೊದಿಕೆಯನ್ನೇ ಕೆಡಿಸುತ್ತದೆ. ವಿದ್ಯುತ್ ತಂತಿಯ ಮೇಲಿನ ರಬ್ಬರ್ ಸವೆದಂತೆ. ಬೇಗ ಬಿಟ್ಟರೆ ಸುಧಾರಣೆ ಇದೆ, ವರ್ಷಗಟ್ಟಲೆ ಮೂಸಿದರೆ ಒಂದಷ್ಟು ಹಾನಿ ಉಳಿದುಬಿಡುತ್ತದೆ. 2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಮೂಸುವ ನಶೆ ದೊಡ್ಡವರಲ್ಲಿ ಶೇ. 0.58 ಇದ್ದರೆ ಮಕ್ಕಳಲ್ಲಿ ಶೇ. 1.17 ಇತ್ತು. ದೊಡ್ಡವರಿಗಿಂತ ಮಕ್ಕಳಲ್ಲಿ ಹೆಚ್ಚು ಕಂಡ ನಶೆ ಇದು. ಸ್ಟೇಷನರಿ, ಪಂಕ್ಚರ್ ಅಂಗಡಿಗಳಲ್ಲಿ ಕೆಲವೇ ರೂಪಾಯಿಗೆ ಸಿಗುವ ವಸ್ತು. ಮಗನ ಬಟ್ಟೆಯಲ್ಲಿ ಸೊಲ್ಯೂಷನ್ ವಾಸನೆ, ಮೂಗು ಬಾಯಿ ಸುತ್ತ ಗುಳ್ಳೆ, ಜೇಬಿನಲ್ಲಿ ಅಂಟಂಟಾದ ಕರವಸ್ತ್ರ ಕಂಡರೆ ಕಡೆಗಣಿಸಬೇಡಿ.

ನೋವಿನ ಮಾತ್ರೆಗಳ ಅಪಾಯ ಇನ್ನೊಂದು ಬಗೆಯದು. ವೈದ್ಯರ ಚೀಟಿಯ ಮೇಲೆ ಮಾತ್ರ ಕೊಡಬೇಕಾದ ಟಪೆಂಟಡಾಲ್, ಟ್ರಮಡಾಲ್‌ನಂಥ ಮಾತ್ರೆಗಳನ್ನು ಹುಡುಗರು ಪುಡಿ ಮಾಡಿ ನೀರಲ್ಲಿ ಕರಗಿಸಿ ಸಿರಿಂಜಿನಲ್ಲಿ ಚುಚ್ಚಿಕೊಳ್ಳುತ್ತಾರೆ. ಹಂಚಿಕೊಂಡ ಸೂಜಿಯಿಂದ ಎಚ್‌ಐವಿ, ಹೆಪಟೈಟಿಸ್ ಸಿ ಬರುತ್ತದೆ. ಪ್ರಮಾಣ ಮೀರಿದರೆ ಉಸಿರು ನಿಧಾನವಾಗಿ ನಿಲ್ಲುತ್ತದೆ. ಕೆಲವು ನಿಮಿಷ ಆಮ್ಲಜನಕ ಸಿಗದಿದ್ದರೆ ಮೆದುಳಿಗೆ ಆಗುವ ಹಾನಿ ಶಾಶ್ವತ. ತುಟಿ ನೀಲಿಯಾಗಿ, ಎಬ್ಬಿಸಿದರೂ ಏಳದೆ, ಗೊರಗೊರ ಉಸಿರಾಡುತ್ತಿದ್ದರೆ ನಾಚಿಕೆ ಬದಿಗಿಟ್ಟು 108ಕ್ಕೆ ಫೋನ್ ಮಾಡಿ, ಪಕ್ಕಕ್ಕೆ ತಿರುಗಿಸಿ ಮಲಗಿಸಿ, ಏನು ತೆಗೆದುಕೊಂಡಿದ್ದ ಎಂಬುದನ್ನು ವೈದ್ಯರಿಗೆ ನಿಜ ಹೇಳಿ. ಅವರ ಬಳಿ ನಲಾಕ್ಸೋನ್ ಎಂಬ ಪ್ರತಿಮದ್ದು ಇರುತ್ತದೆ.

ತುರುವೇಕೆರೆ ಹೇಳಿಕೊಟ್ಟ ಪಾಠ

ಹಳ್ಳಿಯಲ್ಲಿದ್ದುಕೊಂಡು ಮೆದುಳು, ಮನಸ್ಸಿನ ಚಿಕಿತ್ಸೆ ಸಾಧ್ಯವೇ ಎಂದು ಕೇಳುವವರಿಗೆ ನಮ್ಮ ಪಕ್ಕದ ತುರುವೇಕೆರೆಯೇ ಉತ್ತರ. ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರು ಒಂದು ದಶಕಕ್ಕೂ ಹೆಚ್ಚು ಕಾಲ ತುರುವೇಕೆರೆ ತಾಲೂಕಿನಲ್ಲಿ ಸ್ಕಿಜೋಫ್ರೀನಿಯಾ ಎಂಬ ತೀವ್ರ ಮನೋರೋಗ ಇರುವವರನ್ನು ಗುರುತಿಸಿ, ಊರಿನಲ್ಲೇ ಚಿಕಿತ್ಸೆ ಕೊಡಿಸುವ ಕೆಲಸ ಮಾಡಿದ್ದಾರೆ. ತೀರ್ಥಹಳ್ಳಿಯಲ್ಲೂ ಇಂಥದೇ ಕೆಲಸ ನಡೆದಿದೆ. ಅಲ್ಲಿ ಯಾವ ಪವಾಡದ ಯಂತ್ರವೂ ಇರಲಿಲ್ಲ. ಸಾಮಾನ್ಯ ಮಾತ್ರೆ, ತಪ್ಪದೆ ಭೇಟಿ, ಬಾರದವರನ್ನು ಫೋನ್ ಮಾಡಿ, ಮನೆಗೆ ಹೋಗಿ ವಿಚಾರಿಸುವುದು, ಮನೆಯವರಿಗೆ ತಿಳಿಹೇಳುವುದು ಇಷ್ಟೇ. ಚಿಕಿತ್ಸೆ ಬಿಡದೆ ಮುಂದುವರಿಸಿದವರ ಅಸಾಮರ್ಥ್ಯ ಕಡಿಮೆಯಾಯಿತು, ದಿನದ ಕೆಲಸ ಮಾಡುವ ಶಕ್ತಿ ಹೆಚ್ಚಿತು ಎಂದು ಆ ಅಧ್ಯಯನಗಳು ದಾಖಲಿಸಿವೆ.

ಅದು ನಶೆಯ ಕಾಯಿಲೆಯಲ್ಲ ನಿಜ. ಆದರೆ ಪಾಠ ಒಂದೇ. ದೂರದ ದುಬಾರಿ ಚಿಕಿತ್ಸೆ ಒಮ್ಮೆ ಕೊಡಿಸುವುದಕ್ಕಿಂತ, ಹತ್ತಿರದ ಸಾಧಾರಣ ಚಿಕಿತ್ಸೆಯನ್ನು ಬಿಡದೆ ಕೊಡಿಸುವುದು ಹೆಚ್ಚು ಫಲ ಕೊಡುತ್ತದೆ.

ಹಾಗಾದರೆ ಎಲ್ಲಿಗೆ ಹೋಗಬೇಕು? ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ಕಡೆ ಸರ್ಕಾರಿ ಆಸ್ಪತ್ರೆ ಇದೆ. ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ನೋಡುವ ಮನೋಚೈತನ್ಯ ಎಂಬ ಕಾರ್ಯಕ್ರಮ ರಾಜ್ಯದಲ್ಲಿದೆ. ನಿಮ್ಮ ಆಸ್ಪತ್ರೆಯಲ್ಲಿ ವೈದ್ಯರು ಬರುವ ದಿನವನ್ನು ಮೊದಲೇ ವಿಚಾರಿಸಿ ಹೋಗಿ. ತುಮಕೂರಿನ ಜಿಲ್ಲಾ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. ಕಷ್ಟದ ಪ್ರಕರಣವಾದರೆ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ ಇದೆ. ತಿಪಟೂರಿನಿಂದ ಬೆಳಿಗ್ಗೆ ರೈಲು ಹತ್ತಿದರೆ ಅದೇ ದಿನ ತೋರಿಸಬಹುದು. ಮನೆಯಿಂದಲೇ ಮಾತಾಡಬೇಕೆಂದರೆ 14416 ಟೆಲಿಮಾನಸ್ ಸಹಾಯವಾಣಿ 2022ರಿಂದ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ನಶೆಮುಕ್ತಿಗಾಗಿ 14446 ಎಂಬ ಉಚಿತ ರಾಷ್ಟ್ರೀಯ ಸಹಾಯವಾಣಿಯೂ ಇದೆ.

ಅಲ್ಲಿ ಕೊಡುವ ಚಿಕಿತ್ಸೆಗೆ ಹಂತಗಳಿವೆ. ಮೊದಲು ನಶೆ ಬಿಟ್ಟಾಗ ಬರುವ ನಡುಕ, ವಾಂತಿ, ಮೈನೋವು, ನಿದ್ರಾಹೀನತೆಗೆ ಔಷಧ. ನಂತರ ಆಸೆ ಮತ್ತೆ ಮೂಡದಂತೆ ಔಷಧ, ಆಪ್ತಸಮಾಲೋಚನೆ. ಅಫೀಮು ಬಗೆಯ ಮಾತ್ರೆಗಳ ಚಟಕ್ಕೆ ಬುಪ್ರೆನಾರ್ಫಿನ್ ಎಂಬ ಔಷಧವನ್ನು ವೈದ್ಯರ ಕಣ್ಣೆದುರಲ್ಲಿ ಕೊಡುವ ಪದ್ಧತಿ ಇದೆ. "ಒಂದು ನಶೆ ಬಿಡಿಸಲು ಇನ್ನೊಂದು ನಶೆಯಾ?" ಎಂದು ನಮ್ಮ ಮನೆಗಳಲ್ಲಿ ಹಿಂಜರಿಯುತ್ತಾರೆ. ನಿಗದಿತ ಪ್ರಮಾಣದಲ್ಲಿ ಕೊಡುವ ಈ ಔಷಧ ನಶೆ ಏರಿಸಲು ಅಲ್ಲ, ಹುಡುಗ ಸೂಜಿ ಬಿಟ್ಟು ಕೆಲಸಕ್ಕೆ ಹೋಗುವಂತೆ ಮಾಡಲು. ಎರಡು ಮೂರು ತಿಂಗಳು ನಶೆಯಿಂದ ದೂರ ಇದ್ದ ಮೇಲೆ ನೆನಪು, ಗಮನ ಎಷ್ಟು ಮರಳಿದೆ ಎಂದು ಪರೀಕ್ಷೆ ಮಾಡಿ, ಉಳಿದ ಕೊರತೆಗೆ ಅಭ್ಯಾಸಗಳನ್ನು ಹೇಳಿಕೊಡುತ್ತಾರೆ. ಮೊದಲ ವಾರದಲ್ಲಿ ಮಗನನ್ನು ನೋಡಿ "ಇವನ ಮೆದುಳೇ ಹೋಯಿತು" ಎಂದು ತೀರ್ಮಾನಿಸಬೇಡಿ.

ಎರಡು ಎಚ್ಚರಿಕೆಗಳನ್ನು ಮಾತ್ರ ಮರೆಯಬೇಡಿ. ಒಂದು, ದಿನವೂ ವಿಪರೀತ ಕುಡಿಯುವವರು ರಮಝಾನ್ ಬಂತೆಂದು ಒಮ್ಮೆಲೇ ನಿಲ್ಲಿಸುವುದುಂಟು. ಉದ್ದೇಶ ಒಳ್ಳೆಯದೇ. ಆದರೆ ಅಂಥವರಿಗೆ ಮೊದಲ ಎರಡು ದಿನದೊಳಗೆ ಫಿಟ್ಸ್, ಎರಡರಿಂದ ನಾಲ್ಕನೇ ದಿನದಲ್ಲಿ ಸನ್ನಿ ಬರಬಹುದು. ಇದರಿಂದ ಜೀವವೇ ಹೋಗಬಹುದು. ರಮಝಾನ್‌ಗೆ ಎರಡು ಮೂರು ವಾರ ಮೊದಲೇ ವೈದ್ಯರನ್ನು ಕಂಡು ಔಷಧದ ಆಸರೆಯಲ್ಲಿ ಬಿಡಿಸಿ. ಇನ್ನೊಂದು, ಮಾತ್ರೆ ಚುಚ್ಚಿಕೊಳ್ಳುವವನು ಕೆಲವು ವಾರ ಬಿಟ್ಟು ಮತ್ತೆ ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರು ನಿಲ್ಲುತ್ತದೆ, ಏಕೆಂದರೆ ದೇಹದ ತಾಳಿಕೆ ಅಷ್ಟರಲ್ಲಿ ಇಳಿದಿರುತ್ತದೆ. ಇದನ್ನು ಅವನಿಗೂ ಬಿಡಿಸಿ ಹೇಳಿ.

ಮುಚ್ಚಿಡುವುದೇ ದೊಡ್ಡ ಶತ್ರು

ನಶೆ ಹರಾಮ್ ಎಂಬುದು ನಮ್ಮ ಮಕ್ಕಳಿಗೂ ಗೊತ್ತು. ಅದಕ್ಕೇ ನಮ್ಮ ಮನೆಗಳಲ್ಲಿ ಇದನ್ನು ಹೆಚ್ಚು ಮುಚ್ಚಿಡುತ್ತೇವೆ. ಜಮಾಅತ್‌ನಲ್ಲಿ ತಲೆ ಎತ್ತುವುದು ಹೇಗೆ, ಹೆಣ್ಣುಮಕ್ಕಳ ಸಂಬಂಧ ತಪ್ಪೀತು ಎಂಬ ಭಯ. ತಾಲೂಕು ಆಸ್ಪತ್ರೆಯ ಸಾಲಿನಲ್ಲಿ ನಿಂತರೆ ಊರವರು ನೋಡುತ್ತಾರೆ, ಫೋನಿನಲ್ಲಿ ಮಾತಾಡಿ ದೂರದ ಊರಿಗೆ ಹೋಗಿ ಬಂದರೆ ಯಾರಿಗೂ ತಿಳಿಯುವುದಿಲ್ಲ. ವ್ಯಾಪಾರಿಗಳು ಮಾರುತ್ತಿರುವುದು ಚಿಕಿತ್ಸೆಗಿಂತ ಹೆಚ್ಚಾಗಿ ಈ ಗುಟ್ಟನ್ನು. ನಾವು ಐದು ಲಕ್ಷ ತೆರುವುದು ನಾಚಿಕೆಗೆ.

ಪೊಲೀಸರ ಭಯವೂ ಇದೆ. ಚಿಕಿತ್ಸೆಯ ಮಾಹಿತಿಯನ್ನು ಗುಟ್ಟಾಗಿಡುವುದು 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ರೋಗಿಯ ಹಕ್ಕು. ನಶೆಯ ಚಟದಿಂದಾದ ಮಾನಸಿಕ ಸ್ಥಿತಿಗಳೂ ಆ ಕಾಯ್ದೆಯಡಿ ಬರುತ್ತವೆ. ಮಾದಕ ವಸ್ತು ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಇರುವ ವ್ಯಸನಿಯು ತಾನಾಗಿ ಚಿಕಿತ್ಸೆಗೆ ಮುಂದಾದರೆ ಮೊಕದ್ದಮೆಯಿಂದ ರಕ್ಷಣೆ ಕೊಡುವ 64ಎ ಕಲಂ ಎನ್‌ಡಿಪಿಎಸ್ ಕಾಯ್ದೆಯಲ್ಲೇ ಇದೆ. ಸರಪಳಿಯಿಂದ ಕಟ್ಟಿಹಾಕುವುದು ಮಾತ್ರ ಕಾನೂನುಬಾಹಿರ. ಖಾಸಗಿ ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸುವ ಮೊದಲು ಅದು ನೋಂದಣಿ ಆಗಿದೆಯೇ, ವೈದ್ಯರು ಇದ್ದಾರೆಯೇ, ಮಗನನ್ನು ನೋಡಲು ಬಿಡುತ್ತಾರೆಯೇ ಎಂದು ನೋಡಿಕೊಳ್ಳಿ.

"ಮದುವೆ ಮಾಡಿದರೆ ಸರಿಹೋಗ್ತಾನೆ" ಎಂಬ ಮಾತನ್ನೂ ಇಲ್ಲೇ ಖಂಡಿಸಬೇಕು. ಬೇರೆಯವರ ಮಗಳು ನಮ್ಮ ಮಗನ ಔಷಧವಲ್ಲ. ಅವನ ಸ್ಥಿತಿ ಮುಚ್ಚಿಟ್ಟು ನಿಕಾಹ್ ಮಾಡಿಸುವುದು ಆ ಹುಡುಗಿಗೆ ಮಾಡುವ ಅನ್ಯಾಯ.

ಜಮಾಅತ್‌ಗಳು ಮಾಡಬಹುದಾದದ್ದು ಬಹಳ ಇದೆ. ಶುಕ್ರವಾರದ ಬಯಾನಿನಲ್ಲಿ ಇಮಾಮ್ ಸಾಹೇಬರು ನಶೆಯ ಪಾಪದ ಜೊತೆಗೆ ಚಿಕಿತ್ಸೆಯ ಜಾಗವನ್ನೂ, 14416 ನಂಬರನ್ನೂ ಹೇಳಲಿ. ಬೈತುಲ್ ಮಾಲ್‌ನಿಂದ ಬಡವರ ಮಕ್ಕಳ ಬಸ್, ಮಾತ್ರೆ ಖರ್ಚು ಕೊಡಲಿ. ಚೀಟಿ ಇಲ್ಲದೆ ಮಾತ್ರೆ ಮಾರುವ ಅಂಗಡಿಯವರ ಮೇಲೆ ಹಿರಿಯರು ಔಷಧ ನಿಯಂತ್ರಣ ಇಲಾಖೆಗೆ ದೂರು ಕೊಡಲಿ. ಬಿಟ್ಟು ಬಂದ ಹುಡುಗನಿಗೆ ಮಂಡಿಯಲ್ಲೋ, ಕಾಯಿಪುಡಿ ಕಾರ್ಖಾನೆಯಲ್ಲೋ ಒಂದು ಕೆಲಸ ಕೊಡಿಸಲಿ. ಖಾಲಿ ಕೂತವನನ್ನು ಹಳೆಯ ಸ್ನೇಹಿತರು ಬೇಗ ಎಳೆದುಕೊಳ್ಳುತ್ತಾರೆ.

ಆ ತಾಯಿಯ ಮಗನ ವಿಷಯ ಹೇಳಿ ಮುಗಿಸುತ್ತೇನೆ. ತೋಟ ಮಾರಲಿಲ್ಲ. ಒಂದು ಮಂಗಳವಾರ ತಂದೆಯೇ ಅವನನ್ನು ಆಸ್ಪತ್ರೆಗೆ ಕರೆದೊಯ್ದರು. ಸಾಲಿನಲ್ಲಿ ಪರಿಚಯದವರು ಇಬ್ಬರು ಸಿಕ್ಕರು. ಇಬ್ಬರೂ ತಮ್ಮ ಮನೆಯವರನ್ನು ಇದೇ ಕಾರಣಕ್ಕೆ ಕರೆತಂದವರು. ನಾಲ್ಕನೇ ತಿಂಗಳಲ್ಲಿ ಹುಡುಗ ಒಮ್ಮೆ ಜಾರಿದ, ಮತ್ತೆ ಕರೆದೊಯ್ದರು. ಅವನು ಪೂರ್ತಿ ಮೊದಲಿನಂತಾದ ಎಂದು ಬರೆಯಲಾರೆ. ನಡುಕ ಕಡಿಮೆಯಾಗಿದೆ. ಈಗ ಮಂಡಿಯಲ್ಲಿ ಚೀಲ ಎಣಿಸುವಾಗ ಹತ್ತಕ್ಕೊಂದು ಗೆರೆ ಎಳೆದುಕೊಳ್ಳುತ್ತಾನೆ, ಲೆಕ್ಕ ತಪ್ಪುವುದಿಲ್ಲ.

ನಮ್ಮ ಸೀಮೆಯವರಿಗೆ ಕಾಯುವುದು ಹೊಸತಲ್ಲ. ಅಟ್ಟಕ್ಕೇರಿಸಿದ ಕಾಯಿ ಒಳಗೇ ಒಣಗಿ ಉಂಡೆ ಕೊಬ್ಬರಿಯಾಗಲು ಹತ್ತು ಹನ್ನೊಂದು ತಿಂಗಳು ಬೇಕು. ಅಲ್ಲಿಯವರೆಗೆ ಸೂರು ಸೋರದಂತೆ, ಇಲಿ ಹತ್ತದಂತೆ ನೋಡಿಕೊಳ್ಳುತ್ತೇವೆ. ಮಗನ ಮೆದುಳಿಗೂ ಅಷ್ಟು ಕಾಲ ಕೊಡೋಣ, ಅಷ್ಟೇ ಎಚ್ಚರದಿಂದ ಕಾಯೋಣ. ನಿಮ್ಮ ಮನೆಯಲ್ಲಿ ಇಂಥ ಮಗನಿದ್ದರೆ, ಬರುವ ಮಂಗಳವಾರ ಅವನ ಕೈಹಿಡಿದು ಹೊರಡಿ.